ಚಪ್ಪಟೆ ಪರದೆಯಲ್ಲಿ ಅಕ್ಷರ ಮಸುಕಾಗುವುದೇಕೆ?



ಇಂದಿನ ಮಾತನ್ನು ಒಂದು ದೂರವಾಣಿ ಸಂಖ್ಯೆಯಿಂದ ಆರಂಭಿಸುತ್ತೇನೆ. ಇದು ಹಲವು ವರ್ಷಗಳ ಹಿಂದಿನ ಸಂಗತಿ. ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ವಿದ್ಯಾರ್ಥಿವೇತನಗಳ ಬಗ್ಗೆ ಒಂದು ಕಾರ್ಯಕ್ರಮ ಸಿದ್ಧವಾಗಿತ್ತು. ಹೆಚ್ಚಿನ ವಿವರ ಬೇಕಾದವರು ಕರೆ ಮಾಡಲಿ ಎಂದು ಕೊನೆಯಲ್ಲಿ ಪರದೆಯ ತಳಭಾಗದಲ್ಲಿ ಒಂದು ದೂರವಾಣಿ ಸಂಖ್ಯೆಯನ್ನು ತೋರಿಸಬೇಕಾಗಿತ್ತು. ಅಕ್ಷರ ಜೋಡಿಸುವ ಹುಡುಗ 3 ಇರಬೇಕಾದ ಜಾಗದಲ್ಲಿ 8 ಒತ್ತಿಬಿಟ್ಟಿದ್ದ. ತಪ್ಪೆಲ್ಲ ಅವನದೇ ಎನ್ನುವಂತಿಲ್ಲ. ಅದನ್ನು ಪರಿಶೀಲಿಸುವ ಹೊಣೆ ನನ್ನದಾಗಿತ್ತು. ನಾನು ಒಂದಲ್ಲ, ಎರಡು ಸಲ ನೋಡಿದೆ. ಎರಡು ಸಲವೂ 3 ಎಂದೇ ಓದಿದೆ. ಸಹಿ ಹಾಕಿದೆ.

ಅಂದು ಸಂಜೆ ಕರೆಗಳೆಲ್ಲ ಯಾರದೋ ಮನೆಗೆ ಹೋದವು. ಆ ಮನೆಯಲ್ಲಿದ್ದ ವಯಸ್ಸಾದ ಅಜ್ಜಿಯೊಬ್ಬರು ರಾತ್ರಿಯವರೆಗೂ ಒಂದೊಂದು ಕರೆಗೂ ಎದ್ದು ಬಂದು, “ಇಲ್ಲಿ ಸ್ಕಾಲರ್‌ಶಿಪ್ ಕೊಡೋದಿಲ್ಲ ಮಗಾ, ಇದು ಮನೆ” ಎಂದು ಸಮಾಧಾನದಿಂದಲೇ ಹೇಳುತ್ತಿದ್ದರಂತೆ. ಮರುದಿನ ಅವರ ಮಗ ನಮಗೆ ಫೋನ್ ಮಾಡಿ ಅಷ್ಟು ಸಮಾಧಾನವಿಲ್ಲದೆ ವಿಷಯ ತಿಳಿಸಿದರು. ಅರ್ಜಿ ಹಾಕಲು ಇನ್ನೆರಡೇ ದಿನ ಉಳಿದಿತ್ತು. ಸರಿಯಾದ ಸಂಖ್ಯೆಯನ್ನು ಅಂದು ಸಂಜೆ ತೋರಿಸಿದೆವು, ನಿಜ. ಆದರೆ ಮೊದಲ ದಿನ ನೋಡಿದ ಮಕ್ಕಳೆಲ್ಲ ಎರಡನೆಯ ದಿನವೂ ಟಿವಿಯ ಮುಂದೆ ಕುಳಿತಿರುತ್ತಾರೆಯೇ?

ನನಗೆ 8 ಏಕೆ 3 ಆಗಿ ಕಂಡಿತು? ಅದೇ ಕಡತವನ್ನು ಪಕ್ಕದ ಮೇಜಿನ ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರಿನಲ್ಲಿ ತೆರೆದು ನೋಡಿದೆ. ಅಲ್ಲಿ 8 ಸ್ಪಷ್ಟವಾಗಿ 8 ಆಗಿಯೇ ಇತ್ತು. ಮಸುಕಾಗಿದ್ದುದು ಆ ವಾರವಷ್ಟೇ ಬಂದಿದ್ದ ಹೊಸ ಚಪ್ಪಟೆ ಮಾನಿಟರಿನಲ್ಲಿ. ಹೊಸದು ಹಳೆಯದಕ್ಕಿಂತ ಕೆಟ್ಟದಾಗಿ ಕಾಣುವುದು ಹೇಗೆ? ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು. ಆ ಮಾನಿಟರಿನ ಗಾಜಿನ ಮೇಲೆ ಇದ್ದ ಬಿಂದುಗಳು ಅಡ್ಡಕ್ಕೆ 1280, ಉದ್ದಕ್ಕೆ 1024. ಆದರೆ ನಮ್ಮ ಹುಡುಗ, ಅಕ್ಷರ ದೊಡ್ಡದಾಗಿ ಕಾಣಲಿ ಎಂಬ ಒಳ್ಳೆಯ ಉದ್ದೇಶದಿಂದಲೇ, ಗಣಕಯಂತ್ರವನ್ನು 1024×768ಕ್ಕೆ ಇಳಿಸಿಟ್ಟಿದ್ದ. ಹಳೆಯ ಮಾನಿಟರಿನಲ್ಲಿ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಅಲ್ಲಿ ಅದರಿಂದ ಏನೂ ಕೆಡುತ್ತಿರಲಿಲ್ಲ. ಇಲ್ಲಿ ಕೆಟ್ಟಿತು.

ಮನಸ್ಸು ನಿರೀಕ್ಷಿಸಿದ್ದನ್ನೇ ಕಣ್ಣು ಓದುತ್ತದೆ ಎಂಬುದೂ ಇದರಲ್ಲಿ ಸೇರಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅಕ್ಷರ ಚೂಪಾಗಿದ್ದಿದ್ದರೆ ಮನಸ್ಸಿಗೆ ಅಷ್ಟು ಸಲಿಗೆ ಸಿಗುತ್ತಿರಲಿಲ್ಲ.

ಈ ಎರಡು ಬಗೆಯ ಪರದೆಗಳ ವ್ಯತ್ಯಾಸ ಏನೆಂದು ಈಗ ನೋಡೋಣ. ಮೊದಲು ಹಳೆಯದು. 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಂಡ್ ಬ್ರೌನ್ ರೂಪಿಸಿದ ನಳಿಕೆಯೇ ಪಿಕ್ಚರ್ ಟ್ಯೂಬಿನ ಮೂಲಪುರುಷ. ನಳಿಕೆಯ ಹಿಂಭಾಗದಿಂದ ಎಲೆಕ್ಟ್ರಾನುಗಳ ಒಂದು ಧಾರೆ ಹೊರಟು ಮುಂದಿನ ಗಾಜಿನ ಒಳಮೈಗೆ ಬಳಿದ ರಂಜಕ ಲೇಪಕ್ಕೆ ತಗಲುತ್ತದೆ. ತಗಲಿದ ಜಾಗ ಹೊಳೆಯುತ್ತದೆ. ಕಾಂತಶಕ್ತಿಯಿಂದ ಈ ಧಾರೆಯನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಅಂಗಳ ಗುಡಿಸಿದ ಹಾಗೆ ಸಾಲು ಸಾಲಾಗಿ ಓಡಿಸುತ್ತಾರೆ. ನಮ್ಮ ದೇಶದ ಹಳೆಯ ದೂರದರ್ಶನ ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರಕ್ಕೆ 625 ಸಾಲು, ಸೆಕೆಂಡಿಗೆ 25 ಚಿತ್ರ. ಎಂದರೆ ಸೆಕೆಂಡಿಗೆ 15,625 ಸಲ ಗುಡಿಸಬೇಕು. ಗಣಕಯಂತ್ರದ ಮಾನಿಟರ್ ಇನ್ನೂ ವೇಗವಾಗಿ ಗುಡಿಸುತ್ತಿತ್ತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಎಷ್ಟು ಸಾಲು ಗುಡಿಸಬೇಕೆಂಬುದು ಗಾಜಿನ ಮೇಲೆ ಬರೆದಿಲ್ಲ. 768 ಸಾಲು ಬೇಕೆಂದರೆ ಧಾರೆ 768 ಸಾಲು ಗುಡಿಸುತ್ತದೆ. 600 ಸಾಕೆಂದರೆ ಸಾಲುಗಳ ನಡುವಿನ ಅಂತರ ಸ್ವಲ್ಪ ಹೆಚ್ಚಿಸಿಕೊಂಡು 600 ಸಾಲಿನಲ್ಲೇ ಅಂಗಳ ತುಂಬಿಸುತ್ತದೆ. ಬಣ್ಣದ ಟ್ಯೂಬಿನಲ್ಲಿ ಕೆಂಪು, ಹಸಿರು, ನೀಲಿ ರಂಜಕದ ಚುಕ್ಕಿಗಳು ಇದ್ದವು ಎಂದು ನಿಮ್ಮಲ್ಲಿ ಕೆಲವರು ಆಕ್ಷೇಪಿಸಬಹುದು. ಇದ್ದವು. ಆದರೆ ಗಣಕಯಂತ್ರ ಕಳಿಸುವ ಒಂದು ಬಿಂದು ಇಂಥದೇ ಚುಕ್ಕಿಯ ಮೇಲೆ ಕೂರಬೇಕೆಂಬ ನಿಯಮ ಅಲ್ಲಿರಲಿಲ್ಲ. ಧಾರೆ ಬಿದ್ದ ಜಾಗ ದುಂಡಾಗಿ, ಅಂಚು ಮೆತ್ತಗಾಗಿ, ಹಲವು ಚುಕ್ಕಿಗಳನ್ನು ಒಟ್ಟಿಗೆ ಬೆಳಗುತ್ತಿತ್ತು. ಹಾಗಾಗಿ ಯಾವ ಅಳತೆಗಾದರೂ ಅದು ಹೊಂದಿಕೊಳ್ಳುತ್ತಿತ್ತು.

ಈಗ ಚಪ್ಪಟೆ ಪರದೆ. ಇದರೊಳಗೆ ಧಾರೆಯಿಲ್ಲ, ಗುಡಿಸುವುದೂ ಇಲ್ಲ. ಎರಡು ಗಾಜುಗಳ ನಡುವೆ ದ್ರವ ಸ್ಫಟಿಕವೆಂಬ ವಸ್ತುವಿನ ತೆಳುವಾದ ಪದರ ಇದೆ. ದ್ರವದಂತೆ ಹರಿದರೂ ಅಣುಗಳು ಸ್ಫಟಿಕದಲ್ಲಿರುವಂತೆ ಒಂದು ಶಿಸ್ತಿನಲ್ಲಿ ನಿಲ್ಲುವ ಈ ವಿಚಿತ್ರ ಸ್ಥಿತಿಯನ್ನು 1888ರಲ್ಲಿ ಮೊದಲು ಗುರುತಿಸಿದವರು ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್. ವಿದ್ಯುತ್ತಿನ ಒತ್ತಡ ಬದಲಾಯಿಸಿದರೆ ಅಣುಗಳು ತಿರುಗಿ ನಿಂತು ಹಿಂದಿನಿಂದ ಬರುವ ಬೆಳಕನ್ನು ಬಿಡುತ್ತವೆ ಇಲ್ಲವೇ ತಡೆಯುತ್ತವೆ. ಕಿಟಕಿಯ ಬಾಗಿಲು ಅರ್ಧ ತೆರೆದ ಹಾಗೆ, ಪೂರ್ತಿ ಮುಚ್ಚಿದ ಹಾಗೆ. (ನಮ್ಮ ಬೆಂಗಳೂರಿಗೂ ಈ ವಿಷಯಕ್ಕೂ ನಂಟಿದೆ. ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು 1977ರಲ್ಲಿ ತೋರಿಸಿದವರು ರಾಮನ್ ಸಂಶೋಧನಾ ಸಂಸ್ಥೆಯ ಪ್ರೊಫೆಸರ್ ಎಸ್. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳು. ಪಕ್ಕದಿಂದ ನೋಡಿದರೂ ಚಿತ್ರ ಕೆಡದಿರಲೆಂದು ಪರದೆಗಳಿಗೆ ಹೊದಿಸುವ ಒಂದು ಬಗೆಯ ಹಾಳೆಯಲ್ಲಿ ಮುಂದೆ ಇಂಥ ಅಣುಗಳು ಬಳಕೆಗೆ ಬಂದವು.)

ಇಂಥ ಪುಟ್ಟ ಕಿಟಕಿಗಳನ್ನು ಕಾರ್ಖಾನೆಯಲ್ಲೇ ಗಾಜಿನ ಮೇಲೆ ಸಾಲಾಗಿ ಕೂರಿಸಿಬಿಡುತ್ತಾರೆ. ಒಂದೊಂದು ಚಿತ್ರಬಿಂದುವಿಗೆ, ಎಂದರೆ ಪಿಕ್ಸೆಲಿಗೆ, ಕೆಂಪು, ಹಸಿರು, ನೀಲಿ ಎಂದು ಮೂರು ಕಿಟಕಿ. ಪ್ರತಿ ಕಿಟಕಿಗೂ ಅದರದೇ ಆದ ಒಂದು ಟ್ರಾನ್ಸಿಸ್ಟರ್. 1920×1080 ಬಿಂದುಗಳ ಪರದೆ ಎಂದರೆ 20,73,600 ಬಿಂದು, 62,20,800 ಕಿಟಕಿ. ಇವುಗಳ ಸಂಖ್ಯೆಯನ್ನಾಗಲೀ ಜಾಗವನ್ನಾಗಲೀ ಮನೆಯಲ್ಲಿ ಯಾರೂ ಬದಲಿಸಲಾರರು. ಪರದೆಗೆ ಹುಟ್ಟಿನಿಂದ ಬಂದ ಈ ಸಂಖ್ಯೆಯನ್ನು ಅದರ ಸ್ವಂತ ರೆಸಲ್ಯೂಷನ್ ಎನ್ನೋಣ. ಇಂದು ಅಂಗಡಿಯಲ್ಲಿ ಎಲ್‌ಇಡಿ ಎಂದು ಮಾರುವ ಟಿವಿಯಲ್ಲೂ, ಮೊಬೈಲಿನ ಓಎಲ್‌ಇಡಿ ಪರದೆಯಲ್ಲೂ ಬೆಳಕಿನ ಮೂಲ ಬೇರೆಯಾದರೂ ಈ ಮಾತು ಬದಲಾಗುವುದಿಲ್ಲ. ಬಿಂದುಗಳು ಎಣಿಸಿಟ್ಟವು.

ನಿಮ್ಮ ಮನೆಯ ಅಂಗಳದ ಚುಕ್ಕಿ ರಂಗೋಲಿಯನ್ನು ನೆನಪು ಮಾಡಿಕೊಳ್ಳಿ. ಪುಸ್ತಕದಲ್ಲಿ ನಾಲ್ಕು ಚುಕ್ಕಿಯ ರಂಗೋಲಿ ಇದೆ. ಅಂಗಳದಲ್ಲಿ ಯಾರೋ ಆಗಲೇ ಐದು ಚುಕ್ಕಿ ಇಟ್ಟು ಹೋಗಿದ್ದಾರೆ. ಅವನ್ನು ಅಳಿಸುವಂತಿಲ್ಲ, ಸರಿಸುವಂತಿಲ್ಲ, ನಡುವೆ ಒಂದು ಚುಕ್ಕಿ ಸೇರಿಸುವಂತಿಲ್ಲ. ಆ ಐದು ಚುಕ್ಕಿಯನ್ನೂ ಬಳಸಿ ನಾಲ್ಕು ಚುಕ್ಕಿಯ ರಂಗೋಲಿಯನ್ನೇ ಬಿಡಿಸಬೇಕು. ಅಮ್ಮನನ್ನೋ ಅಕ್ಕನನ್ನೋ ಕೇಳಿ ನೋಡಿ, ಆಗದು ಎನ್ನುತ್ತಾರೆ. ಆದರೆ ಮಾನಿಟರಿನೊಳಗಿನ ಒಂದು ಚಿಪ್ ಈ ಆಗದ ಕೆಲಸವನ್ನೇ ಸೆಕೆಂಡಿಗೆ 60 ಸಲ ಮಾಡುತ್ತದೆ. ಅದಕ್ಕೆ ಸ್ಕೇಲರ್ ಎಂದು ಹೆಸರು. 1920×1080ರ ಪರದೆಯಾದರೆ ಅದು ಸೆಕೆಂಡಿಗೆ ಹನ್ನೆರಡು ಕೋಟಿಗೂ ಹೆಚ್ಚು ಬಿಂದುಗಳ ಲೆಕ್ಕ ಹಾಕಬೇಕಾಗುತ್ತದೆ.

ಹೇಗೆ ಲೆಕ್ಕ ಹಾಕುತ್ತದೆ? ಕಾರ್ಯಕ್ರಮದಲ್ಲಿ ಇದನ್ನು ಚಿತ್ರದ ಮೂಲಕ ತೋರಿಸಿದ್ದೇವೆ. ಓದುವವರು ಗಣಿತದ ಚೌಕುಳಿ ನೋಟುಪುಸ್ತಕವನ್ನು ಎದುರಿಗಿಟ್ಟುಕೊಳ್ಳಿ. ನಮ್ಮ ದೂರವಾಣಿ ಸಂಖ್ಯೆಯ ಕಥೆಯನ್ನೇ ತೆಗೆದುಕೊಳ್ಳೋಣ. ಗಣಕಯಂತ್ರ ಅಡ್ಡಕ್ಕೆ ಕಳಿಸಿದ್ದು 1024 ಬಿಂದು, ಗಾಜಿನ ಮೇಲಿರುವುದು 1280. ಭಾಗಿಸಿದರೆ 1.25. ಎಂದರೆ ಕಳಿಸಿದ ನಾಲ್ಕು ಬಿಂದುಗಳು ಗಾಜಿನ ಐದು ಬಿಂದುಗಳ ಮೇಲೆ ಹರಡಬೇಕು. ಕಳಿಸಿದ ನಾಲ್ಕು ಹೀಗಿರಲಿ: ಕಪ್ಪು, ಬಿಳಿ, ಕಪ್ಪು, ಬಿಳಿ. ತೆಳುವಾದ ಎರಡು ಗೆರೆ, ನಡುವೆ ತೆಳುವಾದ ಸಂದು. ಅಕ್ಷರವೆಂದರೆ ಬಹುಮಟ್ಟಿಗೆ ಇದೇ ಅಲ್ಲವೇ?

ಮೊದಲನೆಯ ದಾರಿ ಸುಲಭದ್ದು. ಗಾಜಿನ ಪ್ರತಿ ಬಿಂದುವೂ ತನಗೆ ಅತಿ ಹತ್ತಿರವಾದ ಮೂಲಬಿಂದುವಿನ ಬಣ್ಣವನ್ನು ಹಾಗೆಯೇ ತೆಗೆದುಕೊಳ್ಳುತ್ತದೆ. ಆಗ ಐದು ಬಿಂದುಗಳು ಹೀಗಾಗುತ್ತವೆ: ಕಪ್ಪು, ಬಿಳಿ, ಕಪ್ಪು, ಕಪ್ಪು, ಬಿಳಿ. ಮಸುಕಿಲ್ಲ, ಚೂಪಾಗಿಯೇ ಇದೆ. ಆದರೆ ಒಂದೇ ದಪ್ಪವಿರಬೇಕಾದ ಎರಡು ಗೆರೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ದಪ್ಪವಾಯಿತು. ಪುಟದ ತುಂಬ ಹೀಗಾದರೆ ಒಂದು ಅಕ್ಷರದ ಕಾಲು ಸಣ್ಣ, ಪಕ್ಕದ ಅಕ್ಷರದ ಕಾಲು ಆನೆಕಾಲು.

ಎರಡನೆಯ ದಾರಿ ಬೆರಕೆಯದು. ಗಾಜಿನ ಒಂದೊಂದು ಬಿಂದುವಿನ ಕೆಳಗೆ ಮೂಲಚಿತ್ರದ ಎಷ್ಟು ಭಾಗ ಬರುತ್ತದೆಂದು ಅಳೆದು, ಆ ಪ್ರಮಾಣದಲ್ಲಿ ಬಣ್ಣ ಬೆರೆಸುವುದು. ಒಂದೊಂದು ಗಾಜಿನ ಬಿಂದುವಿನ ಪಾಲಿಗೆ ಮೂಲಬಿಂದುವಿನ 0.8 ಭಾಗ ಬರುತ್ತದೆ. ಮೊದಲನೆಯದರ ಪಾಲಿಗೆ ಬರೀ ಕಪ್ಪು. ಎರಡನೆಯದಕ್ಕೆ 0.2 ಕಪ್ಪು, 0.6 ಬಿಳಿ, ಎಂದರೆ ನೂರಕ್ಕೆ 25 ಕಪ್ಪು. ಮೂರನೆಯದಕ್ಕೆ ಸಮಸಮ, ನೂರಕ್ಕೆ 50. ನಾಲ್ಕನೆಯದಕ್ಕೆ ನೂರಕ್ಕೆ 75. ಐದನೆಯದಕ್ಕೆ ಬರೀ ಬಿಳಿ. ಇವನ್ನು ನಿಮ್ಮ ಚೌಕುಳಿಯಲ್ಲಿ ಪೆನ್ಸಿಲ್ಲಿನಿಂದ ತುಂಬಿಸಿ ನೋಡಿ. ಕಪ್ಪು, ತಿಳಿ ಬೂದು, ನಡುಬೂದು, ಗಾಢ ಬೂದು, ಬಿಳಿ. ಮೂಲದಲ್ಲಿ ಸ್ಪಷ್ಟವಾಗಿದ್ದ ಎರಡು ಗೆರೆ ಮತ್ತು ಸಂದು ಈಗ ಎಲ್ಲಿವೆ? ಎರಡನೆಯ ಗೆರೆಯ ಅಂಚು ಎಲ್ಲಿ ಆರಂಭವಾಯಿತೆಂದು ನೀವೇ ಹೇಳಲಾರಿರಿ. ನೋಟುಪುಸ್ತಕವನ್ನು ಎದುರು ಗೋಡೆಗೆ ಒರಗಿಸಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಬಹುತೇಕ ಮಾನಿಟರುಗಳು ಈ ಎರಡನೆಯ ದಾರಿಯನ್ನೋ, ಇದೇ ಜಾತಿಯ ಇನ್ನಷ್ಟು ಜಾಣ ಲೆಕ್ಕವನ್ನೋ ಅನುಸರಿಸುತ್ತವೆ. ಅಕ್ಕಪಕ್ಕದ ನಾಲ್ಕು ಬಿಂದುಗಳನ್ನು ಪರಿಗಣಿಸುವ ವಿಧಾನವಿದೆ, ಹದಿನಾರನ್ನು ಪರಿಗಣಿಸಿ ಅಂಚನ್ನು ಸ್ವಲ್ಪ ಚೂಪು ಮಾಡುವ ವಿಧಾನವೂ ಇದೆ. ಆದರೆ ಮೂಲದಲ್ಲಿ ಇಲ್ಲದ ವಿವರವನ್ನು ಯಾವ ಲೆಕ್ಕವೂ ಹೊಸದಾಗಿ ತರಲಾರದು. ಐದಕ್ಕೆ ನಾಲ್ಕು ಹೊಂದದೆಂಬ ಸತ್ಯವನ್ನು ಅದು ಬೇರೆ ಬೇರೆ ರೀತಿಯಲ್ಲಿ ಹಂಚುತ್ತದೆ, ಅಷ್ಟೇ.

ನಮ್ಮ 8ರ ಎಡಬದಿಯ ಎರಡು ಪುಟ್ಟ ಕಮಾನುಗಳು ಬೂದಾಗಿ ಬಿಳಿಯಲ್ಲಿ ಕರಗಿದ್ದವು. ಉಳಿದದ್ದು 3.

ಇನ್ನೊಂದು ಸೂಕ್ಷ್ಮ ಸಂಗತಿ ಇದೆ. ಒಂದು ಬಿಂದುವಿನಲ್ಲಿ ಕೆಂಪು, ಹಸಿರು, ನೀಲಿ ಕಿಟಕಿಗಳು ಅಕ್ಕಪಕ್ಕ ನಿಂತಿರುತ್ತವೆ ಎಂದೆನಲ್ಲವೇ? ಇದನ್ನೇ ಉಪಯೋಗಿಸಿಕೊಂಡು ಅಕ್ಷರದ ಅಂಚನ್ನು ಬಿಂದುವಿನ ಮೂರನೇ ಒಂದು ಭಾಗದಷ್ಟು ನಯವಾಗಿ ಕೂರಿಸುವ ತಂತ್ರವೊಂದನ್ನು ಮೈಕ್ರೋಸಾಫ್ಟ್ 1998ರಲ್ಲಿ ಪ್ರಕಟಿಸಿತು. ಹೆಸರು ಕ್ಲಿಯರ್‌ಟೈಪ್. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಅದು ಮನೆಮನೆಗೆ ಬಂತು. ಈ ತಂತ್ರ ಅಕ್ಷರದ ಅಂಚಿಗೆ ಉದ್ದೇಶಪೂರ್ವಕವಾಗಿ ತುಸು ಕೆಂಪನ್ನೋ ನೀಲಿಯನ್ನೋ ಲೇಪಿಸುತ್ತದೆ. ಸ್ವಂತ ರೆಸಲ್ಯೂಷನ್ನಿನಲ್ಲಿ ಆ ಬಣ್ಣ ತನ್ನ ಕಿಟಕಿಯ ಮೇಲೆ ಸರಿಯಾಗಿ ಕೂತು ಕಣ್ಣಿಗೆ ಕಪ್ಪಾಗಿಯೇ ಕಾಣುತ್ತದೆ. ಆದರೆ ಮಧ್ಯೆ ಸ್ಕೇಲರ್ ಬಂದು ಎಲ್ಲವನ್ನೂ ಕಲಸಿದರೆ ಕೆಂಪು ಹೋಗಿ ಇಡೀ ಬಿಂದುವಿನ ಮೇಲೆ ಹರಡುತ್ತದೆ. ಅಕ್ಷರದ ಒಂದು ಪಕ್ಕ ಕೆಂಪಗೆ, ಇನ್ನೊಂದು ಪಕ್ಕ ನೀಲಿಯಾಗಿ ಕಂಡರೆ ಗಾಬರಿಯಾಗಬೇಡಿ. ಅಂಚು ನಯವಾಗಲೆಂದು ಮಾಡಿದ ಉಪಾಯ ಸ್ಕೇಲರಿನ ಕೈಯಲ್ಲಿ ಅಪಾಯವಾದದ್ದು, ಅಷ್ಟೇ.

ಕನ್ನಡಿಗರಾದ ನಮಗೆ ಈ ಮಸುಕು ಇನ್ನೂ ಹೆಚ್ಚು ದುಬಾರಿ. ಪ ಮತ್ತು ಫ, ಬ ಮತ್ತು ಭ, ದ ಮತ್ತು ಧ, ಇವುಗಳ ನಡುವೆ ಇರುವುದು ಒಂದು ಪುಟ್ಟ ಗೀರು. ‘ಬಾರ’ ಎಂದರೆ ಬರಲಾರ, ‘ಭಾರ’ ಎಂದರೆ ತೂಕ. ಒತ್ತಕ್ಷರಗಳ ಪಾಡು ಕೇಳಲೇಬೇಡಿ. ‘ಶಾಸ್ತ್ರ’, ‘ರಾಷ್ಟ್ರ’ ಎಂದು ಬರೆದರೆ ಮೂಲಾಕ್ಷರದ ಕೆಳಗೆ ಎರಡೆರಡು ಒತ್ತು. ಸಣ್ಣ ಅಕ್ಷರದಲ್ಲಿ ಒಂದು ಒತ್ತಿಗೆ ಸಿಗುವುದು ಐದಾರು ಬಿಂದುಗಳ ಎತ್ತರ ಮಾತ್ರ. ಅಷ್ಟರಲ್ಲೇ ಒಂದು ಸುರುಳಿ, ಒಂದು ಸಂದು ಎಲ್ಲ ಆಗಬೇಕು. ಅದರಲ್ಲಿ ಒಂದು ಬಿಂದು ಬೂದಾದರೂ ಸುರುಳಿ ಹೋಗಿ ಮುದ್ದೆಯಾಗುತ್ತದೆ. ಇಂಗ್ಲಿಷಿನ ನೆಟ್ಟಗಿನ ಅಕ್ಷರಗಳು ಇದನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತವೆ. ನಮ್ಮ ದುಂಡಕ್ಷರಗಳಿಗೆ ಬಿಂದುಗಳು ಹೆಚ್ಚು ಬೇಕು, ಕಡಿಮೆ ಅಲ್ಲ.

ಮಸುಕಿನ ಜೊತೆಗೆ ಆಕಾರವೂ ಕೆಡಬಹುದು. 1024×768 ಎಂಬುದು 4:3ರ ಚೌಕಟ್ಟು. ಇಂದಿನ ಅಗಲದ ಪರದೆ 1920×1080, ಎಂದರೆ 16:9. ಚಿತ್ರವನ್ನು ಎಳೆದು ಪೂರ್ತಿ ತುಂಬಿಸಿದರೆ ಅಡ್ಡಕ್ಕೆ 1.875 ಪಟ್ಟು, ಉದ್ದಕ್ಕೆ 1.406 ಪಟ್ಟು ಹಿಗ್ಗುತ್ತದೆ. ರೇಖಾಗಣಿತದ ಪಾಠದ ವೃತ್ತ ಮೂರನೇ ಒಂದು ಭಾಗದಷ್ಟು ಅಗಲವಾಗಿ ಕೋಳಿಮೊಟ್ಟೆಯಾಗುತ್ತದೆ. ಹಳೆಯ ಕಾರ್ಯಕ್ರಮಗಳನ್ನು ಹೊಸ ಟಿವಿಯಲ್ಲಿ ಹೀಗೆ ಎಳೆದು ನೋಡುವವರ ಮನೆಯಲ್ಲಿ ವಾರ್ತಾವಾಚಕರೆಲ್ಲ ಒಂದೇ ರಾತ್ರಿಯಲ್ಲಿ ದಪ್ಪವಾಗಿಬಿಡುವುದನ್ನು ನೀವೂ ಕಂಡಿರುತ್ತೀರಿ. ನಿರ್ಮಾಪಕನಾದ ನನಗೆ ಇದು ತುಂಬ ನೋವಿನ ವಿಷಯ. ಎಡಬಲ ಕಪ್ಪು ಪಟ್ಟಿ ಬಂದರೆ ‘ದುಡ್ಡು ಕೊಟ್ಟ ಪರದೆ ಖಾಲಿ ಹೋಯಿತು’ ಎಂದು ಜನ ಬೇಸರಪಡುತ್ತಾರೆ. ಮುಖ ಊದಿದ್ದಕ್ಕೆ ಯಾರೂ ಬೇಸರಪಡುವುದಿಲ್ಲ.

ಹೆಚ್ಚಿನ ಮಾನಿಟರುಗಳ ಪಟ್ಟಿಯಲ್ಲೋ ಗಣಕಯಂತ್ರದ ಗ್ರಾಫಿಕ್ಸ್ ವ್ಯವಸ್ಥೆಯಲ್ಲೋ ಇದಕ್ಕೆ ಆಯ್ಕೆಗಳಿರುತ್ತವೆ. ಪೂರ್ತಿ ಎಳೆಯುವುದು ಒಂದು. ಆಕಾರ ಕಾಪಾಡಿಕೊಂಡು ಹಿಗ್ಗಿಸುವುದು ಇನ್ನೊಂದು; ಆಗ 1024×768ರ ಚಿತ್ರ 1440×1080 ಆಗಿ, ಎಡಬಲದಲ್ಲಿ 240 ಬಿಂದುಗಳಷ್ಟು ಅಗಲದ ಕಪ್ಪು ಪಟ್ಟಿ ಉಳಿಯುತ್ತದೆ. ಹಿಗ್ಗಿಸದೆ ಒಂದಕ್ಕೆ ಒಂದರಂತೆ ನಡುವೆ ಕೂರಿಸುವುದು ಮೂರನೆಯದು. ಚಿತ್ರ ಚಿಕ್ಕದಾಗುತ್ತದೆ, ನಾಲ್ಕೂ ಕಡೆ ಕಪ್ಪು. ಆದರೆ ಅಕ್ಷರ ಮಾತ್ರ ಗಾಜಿಗೆ ಕೊರೆದ ಹಾಗೆ ಚೂಪಾಗಿರುತ್ತದೆ. ಯಾವುದೋ ಹಳೆಯ ತಂತ್ರಾಂಶ ಕಡಿಮೆ ರೆಸಲ್ಯೂಷನ್ನಿನಲ್ಲಿ ಮಾತ್ರ ನಡೆಯುತ್ತದೆಂದಾದರೆ ನಾನು ಈ ಮೂರನೆಯದನ್ನೇ ಆರಿಸಿಕೊಳ್ಳುತ್ತೇನೆ.

‘ನಾವು ಯಾರೂ ಇಳಿಸಿಯೇ ಇಲ್ಲ, ಆದರೂ ನಮ್ಮ ಶಾಲೆಯ ಪರದೆ ಮಸುಕು’ ಎನ್ನುವವರು ಇರಬಹುದು. ಅದಕ್ಕೂ ಕಾರಣವಿದೆ. ಪ್ರತಿ ಮಾನಿಟರಿನೊಳಗೂ ಅದರ ಜಾತಕವೊಂದು ಇರುತ್ತದೆ. ನನ್ನ ಸ್ವಂತ ರೆಸಲ್ಯೂಷನ್ ಇಷ್ಟು, ನಾನು ಇಂಥ ವೇಗಗಳನ್ನು ತಾಳಬಲ್ಲೆ ಎಂಬ ವಿವರ. ಕೇಬಲ್ ಜೋಡಿಸಿದ ಕೂಡಲೇ ಗಣಕಯಂತ್ರ ಅದನ್ನು ಓದಿಕೊಂಡು ಅದರಂತೆ ಚಿತ್ರ ಕಳಿಸುತ್ತದೆ. ಕೇಬಲ್ಲಿನ ಒಂದು ಪಿನ್ ಬಾಗಿದ್ದರೆ, ಅಥವಾ ಒಂದು ಗಣಕಯಂತ್ರವನ್ನು ಎರಡು ಪರದೆಗೆ ಹಂಚುವ ಅಗ್ಗದ ಪೆಟ್ಟಿಗೆ ಮಧ್ಯೆ ಇದ್ದರೆ, ಜಾತಕ ತಲುಪುವುದಿಲ್ಲ. ಆಗ ಗಣಕಯಂತ್ರ ‘ಎಲ್ಲರಿಗೂ ಆಗುವಂಥದ್ದು’ ಎಂದು 1024×768ನ್ನೋ ಅದಕ್ಕಿಂತ ಕಡಿಮೆಯದನ್ನೋ ಹಿಡಿದುಕೊಳ್ಳುತ್ತದೆ. ತರಗತಿಯಲ್ಲಿ ಪ್ರೊಜೆಕ್ಟರ್ ಜೋಡಿಸಿದಾಗಲೂ ಹೀಗಾಗುವುದುಂಟು. ಹಳೆಯ ಪ್ರೊಜೆಕ್ಟರುಗಳಲ್ಲಿ ಅನೇಕವುಗಳ ಸ್ವಂತ ರೆಸಲ್ಯೂಷನ್ 1024×768. ಎರಡರಲ್ಲೂ ಒಂದೇ ಚಿತ್ರ ತೋರಿಸು ಎಂದರೆ ಗಣಕಯಂತ್ರ ಇಬ್ಬರಿಗೂ ಒಪ್ಪಿಗೆಯಾಗುವ ಸಂಖ್ಯೆಗೆ ಇಳಿಯುತ್ತದೆ. ಪಾಠ ಮುಗಿದು ಪ್ರೊಜೆಕ್ಟರ್ ಕಳಚಿದ ಮೇಲೆ ಸಂಖ್ಯೆ ಹಿಂದಕ್ಕೆ ಹೋಯಿತೇ ಎಂದು ಒಮ್ಮೆ ನೋಡಿಕೊಳ್ಳಿ.

ಛಾಯಾಚಿತ್ರ, ಚಲನಚಿತ್ರಗಳಿಗೆ ಮಾತ್ರ ಈ ಹಿಗ್ಗಿಸುವಿಕೆಯಿಂದ ಅಷ್ಟು ತೊಂದರೆಯಿಲ್ಲ. ಮುಖದ ಮೇಲೆ, ಆಕಾಶದ ಮೇಲೆ ಬಣ್ಣ ನಿಧಾನವಾಗಿ ಬದಲಾಗುತ್ತದೆ. ಅಲ್ಲಿ ನೆರೆಹೊರೆಯನ್ನು ಬೆರೆಸಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ನಮ್ಮ ಹಳೆಯ ಧ್ವನಿ-ಚಿತ್ರ ಸಂಗ್ರಹಗಳಲ್ಲಿರುವ ಕಾರ್ಯಕ್ರಮಗಳು ಉದ್ದಕ್ಕೆ 576 ಸಾಲಿನವು. 1080 ಸಾಲಿನ ಪರದೆಯಲ್ಲಿ ಅವು 1.875 ಪಟ್ಟು ಹಿಗ್ಗಬೇಕು, ಎಂಟು ಸಾಲಿಗೆ ಹದಿನೈದು. ಕಲಾವಿದರ ಮುಖ ಅದರಲ್ಲೂ ಹಿತವಾಗಿಯೇ ಕಾಣುತ್ತದೆ. ಕೆಳಗೆ ಬರುವ ಅವರ ಹೆಸರಿನ ಅಕ್ಷರ ಮಾತ್ರ ಮಸುಕು. ಆ ಅಕ್ಷರಗಳು ಅಂದೇ ಚಿತ್ರದೊಳಗೆ ಬಿಂದುಗಳಾಗಿ ಬೆರೆತುಹೋಗಿವೆ, ಅವನ್ನು ಬಿಡಿಸಿ ಹೊಸದಾಗಿ ಬರೆಯಲಾಗದು.

ಲೆಕ್ಕ ಸರಿಯಾಗಿ ಹೊಂದುವ ಸಂದರ್ಭವೂ ಒಂದಿದೆ. 3840×2160ರ ಪರದೆಗೆ 1920×1080 ಕಳಿಸಿದರೆ ಎರಡೂ ಕಡೆ ಸರಿಯಾಗಿ ಎರಡು ಪಟ್ಟು. ಒಂದು ಬಿಂದುವಿನ ಜಾಗದಲ್ಲಿ ನಾಲ್ಕು ಬಿಂದು ಹೊತ್ತಿಸಿದರೆ ಆಯಿತು, ಬೆರಕೆಯೇ ಬೇಡ. 1280×720 ಆದರೆ ಸರಿಯಾಗಿ ಮೂರು ಪಟ್ಟು. ತಮಾಷೆಯೆಂದರೆ ಬೆರೆಸುವ ಅಗತ್ಯವೇ ಇಲ್ಲದ ಇಂಥ ಕಡೆಯೂ ಅನೇಕ ಸ್ಕೇಲರುಗಳು ಅಭ್ಯಾಸಬಲದಿಂದ ಬೆರೆಸಿಬಿಡುತ್ತವೆ. ಹಳೆಯ ಆಟಗಳನ್ನು ಆಡುವವರು ವರ್ಷಗಟ್ಟಲೆ ಇದರ ಬಗ್ಗೆ ದೂರಿದ ಮೇಲೆ, 2019ರಲ್ಲಿ ಇಂಟೆಲ್ ಮತ್ತು ಎನ್‌ವಿಡಿಯಾ ಸಂಸ್ಥೆಗಳು ತಮ್ಮ ಕೆಲವು ಗ್ರಾಫಿಕ್ಸ್ ಚಿಪ್‌ಗಳಿಗೆ ಬೆರಕೆಯಿಲ್ಲದೆ ಪೂರ್ಣಾಂಕದಲ್ಲಿ ಹಿಗ್ಗಿಸುವ ಆಯ್ಕೆಯನ್ನು ಕೊಟ್ಟವು.

ಆಟದ ಮಾತು ಬಂತು. ವೇಗ ಹೆಚ್ಚಲಿ ಎಂದು ಆಟವಾಡುವಾಗ ನಿಮ್ಮಲ್ಲಿ ಕೆಲವರು ರೆಸಲ್ಯೂಷನ್ ಇಳಿಸುತ್ತೀರಿ. ಅದರಲ್ಲಿ ಅರ್ಥವಿದೆ. 1280×720ರಲ್ಲಿ ಲೆಕ್ಕ ಹಾಕಬೇಕಾದ ಬಿಂದುಗಳು 1920×1080ರ ಅರ್ಧಕ್ಕೂ ಕಡಿಮೆ. ಆದರೆ ಈಚಿನ ಅನೇಕ ಆಟಗಳು ಇನ್ನೂ ಜಾಣತನದ ದಾರಿ ಹಿಡಿದಿವೆ. ಕಾಡು, ಬೆಟ್ಟ, ಓಡುವ ಕಾರುಗಳನ್ನು ಕಡಿಮೆ ಬಿಂದುಗಳಲ್ಲಿ ಚಿತ್ರಿಸಿ ಹಿಗ್ಗಿಸುತ್ತವೆ. ಅಂಕ, ಹೆಸರು, ನಕ್ಷೆಗಳನ್ನು ಮಾತ್ರ ಆಮೇಲೆ ಪರದೆಯ ಸ್ವಂತ ಬಿಂದುಗಳಲ್ಲೇ ಬರೆಯುತ್ತವೆ.

ಇದೇ ದಾರಿ ನಮ್ಮ ದಿನದ ಕೆಲಸಕ್ಕೂ ಸಲ್ಲುತ್ತದೆ. ನಮ್ಮ ಊರಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರೊಬ್ಬರಿದ್ದಾರೆ. ನಿವೃತ್ತರಾದ ಮೇಲೆ ಮಗ ಕೊಡಿಸಿದ ಗಣಕಯಂತ್ರದಲ್ಲಿ ದಿನಪತ್ರಿಕೆ ಓದುವುದು ಅವರ ಅಭ್ಯಾಸ. ಒಮ್ಮೆ ಹೋದಾಗ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪರದೆಗೆ ಅಂಟಿಕೊಂಡಂತೆ ಕೂತಿದ್ದರು.

“ಬಾರಪ್ಪಾ. ಕಣ್ಣು ಪೂರ್ತಿ ಹೋಯ್ತು ಅಂತ ಕಾಣುತ್ತೆ. ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದೆ, ಅಕ್ಷರ ಮಸುಕು ಮಸುಕೇ” ಎಂದರು.

“ಪುಸ್ತಕ ಓದುವಾಗ್ಲೂ ಹೀಗೇನಾ ಸಾರ್?”

“ಪುಸ್ತಕ ಚೆನ್ನಾಗೇ ಕಾಣುತ್ತಲ್ಲ, ಅದೇ ಆಶ್ಚರ್ಯ!”

ನೋಡಿದರೆ ನಮ್ಮ ಅಕ್ಷರ ಜೋಡಿಸುವ ಹುಡುಗ ಮಾಡಿದ್ದನ್ನೇ ಮೇಷ್ಟ್ರೂ ಮಾಡಿದ್ದರು. ಅಕ್ಷರ ಸಣ್ಣದೆಂದು 1920×1080ರ ಪರದೆಯನ್ನು 1280×720ಕ್ಕೆ ಇಳಿಸಿದ್ದರು. ಒಂದೂವರೆ ಪಟ್ಟು, ಎರಡಕ್ಕೆ ಮೂರು. ಪರದೆಯ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು, ರೆಸಲ್ಯೂಷನ್ ಎಂಬಲ್ಲಿ ‘ರೆಕಮೆಂಡೆಡ್’ ಎಂದು ಬರೆದಿದ್ದ ಸಂಖ್ಯೆಯನ್ನು ಆರಿಸಿದೆ. ಅಕ್ಷರಗಳು ಇರುವೆ ಸಾಲಿನಂತಾದವು. ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಆಮೇಲೆ ಅದೇ ಪುಟದಲ್ಲಿರುವ ‘ಸ್ಕೇಲ್’ ಎಂಬುದನ್ನು ನೂರರಿಂದ 150ಕ್ಕೆ ಏರಿಸಿದೆ. ಅಕ್ಷರಗಳು ಮೊದಲಿನಷ್ಟೇ ದೊಡ್ಡದಾದವು, ಆದರೆ ಕೊರೆದಿಟ್ಟ ಹಾಗೆ.

ಇದು ಹೇಗೆ ಸಾಧ್ಯ? ಗಣಕಯಂತ್ರದ ಅಕ್ಷರಗಳು ಅದರೊಳಗೆ ಬಿಂದುಗಳಾಗಿ ಇರುವುದಿಲ್ಲ, ವಕ್ರರೇಖೆಗಳ ಗಣಿತವಾಗಿ ಇರುತ್ತವೆ. ವಿಂಡೋಸಿನ ತುಂಗಾ, ನಿರ್ಮಲಾ ಮೊದಲಾದ ಕನ್ನಡ ಅಕ್ಷರಶೈಲಿಗಳೂ ಹಾಗೆಯೇ. 150 ಎಂದಾಗ ಗಣಕಯಂತ್ರ ಬರೆದ ಅಕ್ಷರವನ್ನು ಎಳೆದು ಹಿಗ್ಗಿಸುವುದಿಲ್ಲ. ಆ ಗಣಿತದಿಂದ ದೊಡ್ಡ ಅಕ್ಷರವನ್ನೇ ಹೊಸದಾಗಿ ಬರೆಯುತ್ತದೆ. ಒಂದೊಂದು ಗೆರೆಗೂ, ಒಂದೊಂದು ಒತ್ತಿಗೂ ಗಾಜಿನ ಮೇಲಿನ ನಿಜವಾದ ಬಿಂದುಗಳು ಹೆಚ್ಚು ಸಿಗುತ್ತವೆ. ಅಕ್ಷರದ ಗಾತ್ರ ಒಂದೇ; ಇಳಿಸಿದ ಪರದೆಯಲ್ಲಿ ಅದರ ಹಿಂದೆ ಇದ್ದ ವಿವರ ಕಡಿಮೆ, ಇಲ್ಲಿ ಪೂರ್ತಿ. ಎಲ್ಲೋ ಕೆಲವು ಹಳೆಯ ತಂತ್ರಾಂಶಗಳು ಈ ಸ್ಕೇಲಿಗೆ ಬಗ್ಗದೆ ತಮ್ಮ ಕಿಟಕಿಯನ್ನು ಮಾತ್ರ ಮಸುಕಾಗಿಸಿಕೊಳ್ಳುತ್ತವೆ. ಅವನ್ನು ಹಾಗೆಯೇ ಬಿಡುವುದು ಮೇಲು, ಒಂದು ಕಿಟಕಿಗಾಗಿ ಇಡೀ ಪರದೆಯನ್ನು ಇಳಿಸಬೇಡಿ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನೆ ಓದಿದರು. ಆಮೇಲೆ ಮೇಜಿನ ಸೆಳೆಖಾನೆ ತೆರೆದು ಭೂತಗನ್ನಡಿ ತೆಗೆದು ಪರದೆಯ ಮೇಲೆ ಹಿಡಿದರು. ಕೆಂಪು, ಹಸಿರು, ನೀಲಿ ಗೀರುಗಳು ಸಾಲಾಗಿ ಕಂಡವು. ಒಂದು ‘ಸ್ತ್ರ’ದ ಮೇಲೆ ಗಾಜನ್ನು ನಿಲ್ಲಿಸಿ, ಕೆಳಗಿನ ಒತ್ತಿಗೆ ಎಷ್ಟು ಬಿಂದು ಬಂದಿದೆಯೆಂದು ಎಣಿಸತೊಡಗಿದರು. “ಹಿಂದಿನ ಸಂಖ್ಯೆಗೆ ಇನ್ನೊಮ್ಮೆ ಇಳಿಸಪ್ಪಾ, ಅದರಲ್ಲಿ ಎಷ್ಟಿತ್ತು ನೋಡೋಣ” ಎಂದರು. ಇಳಿಸಿದೆ. ಅವರು ಎಣಿಸುತ್ತಲೇ ಇದ್ದರು. ನನಗೆ ಬಸ್ಸಿಗೆ ಹೊತ್ತಾಗಿತ್ತು.